ಚೊಗರಿನ ಬಣ್ಣ, ಕೈಯ ಬೆಲೆ

ಅಡಿಕೆ ಸುಲಿಯುವವರ ಬೆರಳುಗಳನ್ನು ಕಾಣದ ಮಲೆನಾಡಿಗರು ಇರಲಾರರು. ಕೊಯ್ಲಿನ ಎರಡು ಮೂರು ತಿಂಗಳು ಆ ಬೆರಳುಗಳು ಕಪ್ಪಗಾಗಿರುತ್ತವೆ. ಸೋಪು, ಹುಳಿ, ಸೀಗೆ, ಯಾವುದಕ್ಕೂ ಆ ಕಲೆ ಜಗ್ಗುವುದಿಲ್ಲ. ಅಂಗಿಗೆ ಚೊಗರು ತಗುಲಿತೆಂದರೆ ಆ ಅಂಗಿ ಇನ್ನು ತೋಟದ ಕೆಲಸಕ್ಕೇ ಮೀಸಲು. ಚಿಕ್ಕಂದಿನಲ್ಲಿ ಶಾಲೆಯ ಬಿಳಿಯ ಅಂಗಿಗೆ ಚೊಗರು ಚೆಲ್ಲಿಕೊಂಡು ಅಮ್ಮನ ಕೈಯಿಂದ ಪೆಟ್ಟು ತಿಂದವಳು ನಾನು. ಹೋಗದ ಬಣ್ಣಕ್ಕಾಗಿ ಅಂದು ಬೈಸಿಕೊಂಡವಳು ಇಂದು ಅದೇ ಬಣ್ಣದ ಪರವಾಗಿ ನಾಲ್ಕು ಮಾತು ಬರೆಯಲು ಹೊರಟಿದ್ದೇನೆ. ವಾಚಕರು ಸೈರಣೆಯಿಂದ ಓದಬೇಕೆಂದು ಪ್ರಾರ್ಥನೆ.

ಇದಕ್ಕೆ ಕಾರಣವಾದ ಪ್ರಸಂಗವನ್ನು ಮೊದಲು ಹೇಳುತ್ತೇನೆ. ನಮ್ಮ ಊರು ಕಳಸದ ಸೀಮೆಯಲ್ಲಿ, ಕುದುರೆಮುಖದ ಮಗ್ಗುಲಿಗಿದೆ. ಶಿಖರದ ಎತ್ತರ 1,894 ಮೀಟರ್ ಎಂದು ಪುಸ್ತಕದಲ್ಲಿ ಓದುತ್ತೇವೆ. ಮಳೆಗಾಲದ ನಾಲ್ಕು ತಿಂಗಳು ಮಾತ್ರ ಅದು ನಮ್ಮ ಕಣ್ಣಿಗೆ ಬೀಳುವುದೇ ಅಪರೂಪ. ಆ ದಿನಗಳಲ್ಲಿ ಒಗೆದ ಬಟ್ಟೆ ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ಕುಡಿದು ಒಣಗಬೇಕು. ನಮ್ಮ ಅತ್ತೆ ಹೊರಗೆ ಹೋಗಲಾಗದ ಆ ದಿನಗಳಲ್ಲಿ ಜಗಲಿಯ ಮೇಲೆ ಕುಳಿತು ಕಡ್ಡಿ ಹಿಡಿಯುತ್ತಾರೆ. ಹೆಣ್ಣುಮಗುವಾಗಿದ್ದಾಗ ಕಾನ್ವೆಂಟಿನ ಸಿಸ್ಟರೊಬ್ಬರು ಕಲಿಸಿದ ಹೆಣಿಗೆ ಅದು. ಕೂಸುಗಳಿಗೆ ಕುಲಾವಿ, ದೊಡ್ಡವರಿಗೆ ಸ್ವೆಟರು, ಚಳಿಗೆ ಕಾಲುಚೀಲ, ಎಲ್ಲವೂ ಅವರ ಕೈಯಿಂದ ಬರುತ್ತವೆ.

ಕಳೆದ ವರ್ಷ ನೆರೆಯ ಹೋಂಸ್ಟೇಗೆ ಪಟ್ಟಣದಿಂದ ಬಂದ ಮಹಿಳೆಯೊಬ್ಬರು ಅತ್ತೆಯ ಹೆಣಿಗೆಯನ್ನು ಕಂಡು ಜಗಲಿಗೆ ಬಂದರು. ಅವರೂ ಹೆಣಿಗೆಯ ಹವ್ಯಾಸಿಗಳು. ಒಂದು ಜೊತೆ ಕಾಲುಚೀಲದ ಬೆಲೆ ಕೇಳಿದರು. ಅತ್ತೆ ಸಂಕೋಚದಿಂದ ಐನೂರು ಎಂದರು. “ಆಂಟಿ, ಅಂಗಡಿಯಲ್ಲಿ ನೂರಕ್ಕೆ ಸಿಗುತ್ತದಲ್ಲ!” ಎಂದು ನಗುತ್ತಾ ಅವರು ಮುನ್ನೂರಕ್ಕೆ ಇಳಿಸಿ ಕೊಂಡರು. ಆಮೇಲೆ ತಮ್ಮ ಚೀಲದಿಂದ ಒಂದು ನೂಲಿನ ಲಡಿಯನ್ನು ತೆಗೆದು ಪ್ರೀತಿಯಿಂದ ತೋರಿಸಿದರು. ವಿದೇಶದಿಂದ ತರಿಸಿದ್ದಂತೆ, ಯಾರೋ ತಮ್ಮ ಮನೆಯ ಅಡುಗೆಕೋಣೆಯಲ್ಲಿ ಕೈಯಿಂದ ಬಣ್ಣ ಹಾಕಿದ್ದಂತೆ, ಕಾಲುಚೀಲಕ್ಕೆಂದೇ ಮಾಡಿದ ನೂರು ಗ್ರಾಮಿನ ಆ ಲಡಿಗೆ ಎರಡು ಸಾವಿರ ರೂಪಾಯಿಗೂ ಮೀರಿ ಕೊಟ್ಟಿದ್ದರಂತೆ. ಒಂದು ಕಡೆ ತಿಳಿಗಂದು, ಇನ್ನೊಂದು ಕಡೆ ಗಾಢವಾದ ಕೆಂಪುಗಂದು. ನೋಡಲು ನಿಜಕ್ಕೂ ಚೆಲುವಾಗಿತ್ತು. ಅತ್ತೆ ಅದನ್ನು ಬೆರಳಲ್ಲಿ ಹೊಸಕಿ ನೋಡಿ, “ನಮ್ಮ ಚೊಗರಿನ ಬಣ್ಣದ ಹಾಗೇ ಉಂಟಲ್ಲ” ಎಂದರು. ಅಷ್ಟೆ. ಅವರಿಗೆ ಬೇಸರವಾಗಿತ್ತೋ ಇಲ್ಲವೋ ನಾನು ಹೇಳಲಾರೆ. ನನಗಂತೂ ಆ ರಾತ್ರಿ ನಿದ್ದೆ ಬರಲಿಲ್ಲ.

ಆ ಮಹಿಳೆಯನ್ನು ದೂರುವುದು ನನ್ನ ಉದ್ದೇಶವಲ್ಲ. ಅವರು ಸಜ್ಜನರು, ಮಾರನೆಯ ದಿನ ಬಂದು ಅತ್ತೆಯ ಬಳಿ ಹಿಮ್ಮಡಿ ತಿರುಗಿಸುವ ಬಗೆಯನ್ನು ಕೇಳಿ ಕಲಿತು ಹೋದರು. ನನ್ನನ್ನು ಕಾಡಿದ ಪ್ರಶ್ನೆ ಬೇರೆ. ದೂರದ ಕೈಗೆ ಎರಡು ಸಾವಿರ ಕೊಡುವ ಮನಸ್ಸು ಹತ್ತಿರದ ಕೈಗೆ ಐನೂರು ಕೊಡಲು ಏಕೆ ಹಿಂಜರಿಯುತ್ತದೆ? ನಮ್ಮ ಅಂಗಳದಲ್ಲಿ ಹಂಡೆಗಟ್ಟಲೆ ಇರುವ ಬಣ್ಣವನ್ನು ನಾವೇಕೆ ಕಲೆಯೆಂದು ಮಾತ್ರ ಬಲ್ಲೆವು?

ಚೊಗರೆಂದರೇನೆಂದು ಬಯಲುಸೀಮೆಯಿಂದ ಬಂದ ನನ್ನ ಸಹಪಾಠಿಗಳಿಗಾಗಿ ಎರಡು ಮಾತು. ನಮ್ಮಲ್ಲಿ ಎಳೆಯ ಅಡಿಕೆಯನ್ನು ಸುಲಿದು ಹಂಡೆಯಲ್ಲಿ ಬೇಯಿಸಿ ಒಣಗಿಸುತ್ತಾರೆ. ಬೇಯುವಾಗ ಕಾಯಿಯ ಒಗರೆಲ್ಲ ನೀರಿಗಿಳಿದು ಕೆಂಪು ರಸವಾಗುತ್ತದೆ. ಒಂದೊಂದೇ ಹಂಡೆ ಬೇಯಿಸಿದಂತೆ ಅದೇ ನೀರು ಮಂದವಾಗುತ್ತ ಹೋಗುತ್ತದೆ. ಅದೇ ಚೊಗರು. ಅಡಿಕೆಗೆ ಹೊಳಪು ಬರಲು ಅದನ್ನೇ ಮತ್ತೆ ಲೇಪಿಸುವುದುಂಟು. ಮಿಕ್ಕದ್ದನ್ನು ಕೆಲವರು ಮಾರುತ್ತಾರೆ, ಕೆಲವರು ಚೆಲ್ಲುತ್ತಾರೆ. ಈ ಒಗರನ್ನು ರಸಾಯನಶಾಸ್ತ್ರದವರು ಟ್ಯಾನಿನ್ ಎನ್ನುತ್ತಾರೆ. ಮರದ ತೊಗಟೆಯ ಒಗರಿನಿಂದ ಚರ್ಮ ಹದಮಾಡುವುದು ಹಳೆಯ ಕಸುಬು. ಚರ್ಮದಂತೆಯೇ ಉಣ್ಣೆಯೂ ಪ್ರಾಣಿಜನ್ಯವಾದ ಪ್ರೋಟೀನು. ಆದ್ದರಿಂದ ಒಗರು ಉಣ್ಣೆಯನ್ನು ಬಲವಾಗಿ ಹಿಡಿಯುತ್ತದೆ. ಹತ್ತಿಯಾದರೋ ಸಸ್ಯಜನ್ಯ, ಅದರ ಹದವೇ ಬೇರೆ.

ಚೊಗರಿನಿಂದ ಬಟ್ಟೆಗೆ ಬಣ್ಣ ಹಾಕುವುದು ನನ್ನ ಕಲ್ಪನೆಯೇನೂ ಅಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಅವರ ಪ್ರೇರಣೆಯಿಂದ ಕಳೆದ ಶತಮಾನದ ಕೊನೆಯ ದಶಕದಲ್ಲಿ ಹುಟ್ಟಿದ ‘ಚರಕ’ ಮಹಿಳಾ ಸಹಕಾರ ಸಂಘವು ಕೈಮಗ್ಗದ ಹತ್ತಿ ಬಟ್ಟೆಗೆ ಚೊಗರು ಮೊದಲಾದ ಸಸ್ಯದ ಬಣ್ಣಗಳನ್ನು ಹಾಕಿ ನಾಡಿಗೆಲ್ಲ ತೋರಿಸಿಕೊಟ್ಟಿದೆ. ಹತ್ತಿಗೆ ಹಳ್ಳಿಯ ಹೆಂಗಸರು ಸಾಧಿಸಿದ್ದನ್ನು ಉಣ್ಣೆಯ ನೂಲಿಗೆ ನಾವೇಕೆ ಸಾಧಿಸಬಾರದು? ಹೀಗೆಂದು ಯೋಚಿಸಿ ರಜೆಯಲ್ಲಿ ಪ್ರಯೋಗಕ್ಕಿಳಿದೆ.

ಮೊದಲ ಪ್ರಯತ್ನ ಪೂರ್ತಿ ಸೋತಿತು. ಪೇಟೆಯಿಂದ ಬಿಳಿಯ ‘ಉಲ್ಲನ್’ ತಂದು ಚೊಗರಿನಲ್ಲಿ ಅದ್ದಿಟ್ಟೆ. ತೊಳೆದಾಗ ಬಣ್ಣವೆಲ್ಲ ನೀರಿನ ಪಾಲಾಯಿತು. ಚೀಟಿಯನ್ನು ಓದಿದಾಗ ತಿಳಿದದ್ದೇನೆಂದರೆ ಅದು ಅಕ್ರಿಲಿಕ್. ಕಾರ್ಖಾನೆಯಲ್ಲಿ ಮಾಡಿದ ಎಳೆ. ನಾವು ಬಾಯಿತುಂಬ ಉಲ್ಲನ್ ಎಂದು ಕರೆಯುವ ದಾರದಲ್ಲಿ ಬಹುಪಾಲಿಗೆ ಕುರಿಯ ಸಂಬಂಧವೇ ಇಲ್ಲ! ಎರಡನೆಯ ಬಾರಿ ನಿಜವಾದ ಉಣ್ಣೆಯ ನೂಲನ್ನೇ ತರಿಸಿದೆ. ಅಡಿಕೆ ಬೇಯಿಸಿದಂತೆಯೇ ಕುದಿಸಿ, ಸಟ್ಟುಗದಿಂದ ತಿರುವಿ, ತಣ್ಣೀರಿಗೆ ಹಾಕಿದೆ. ಬಣ್ಣ ಬಂತು, ಆದರೆ ನೂಲು ಕಂಬಳಿಯ ತುಂಡಿನಂತೆ ಗಂಟುಗಟ್ಟಿತು. ಉಣ್ಣೆಯ ಎಳೆಯ ಮೇಲೆ ಮೀನಿನ ಹುರುಪೆಯಂಥ ಪದರಗಳಿವೆ. ಬಿಸಿಯಲ್ಲಿ ಅಲುಗಾಡಿಸಿದರೆ ಅವು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ, ಮತ್ತೆ ಬಿಡಿಸುವಂತಿಲ್ಲ. ಮೂರನೆಯ ಬಾರಿ ನೂಲನ್ನು ಮೊದಲು ನೀರಿನಲ್ಲಿ ಚೆನ್ನಾಗಿ ನೆನೆಸಿ, ನೂಲಿನ ತೂಕದ ಹತ್ತನೆಯ ಒಂದು ಭಾಗದಷ್ಟು ಪಟಿಕ ಕರಗಿಸಿದ ನೀರಿನಲ್ಲಿ ಮೆಲ್ಲಗೆ ಕಾಯಿಸಿ, ಆಮೇಲೆ ಚೊಗರಿನಲ್ಲಿ ಕುದಿ ಬಾರದಂತೆ ಒಂದು ಗಂಟೆ ಇಟ್ಟು, ಅದೇ ನೀರಿನಲ್ಲಿಯೇ ರಾತ್ರಿಯೆಲ್ಲ ಆರಲು ಬಿಟ್ಟೆ. ಬೆಳಿಗ್ಗೆ ತೆಗೆದು ತೊಳೆದಾಗ ಮಳೆ ನಿಂತ ಮೇಲೆ ಕಾಣುವ ದರೆಯ ಮಣ್ಣಿನ ಬಣ್ಣ! ಅದರಲ್ಲಿ ಸ್ವಲ್ಪವನ್ನು ತುಕ್ಕು ಹಿಡಿದ ಮೊಳೆ ನೆನೆಸಿದ ನೀರಿಗೆ ಹಾಕಿದೆ. ಬಂಡೆಯ ಬೂದುಗಪ್ಪು ಬಂತು. ಅತ್ತೆ ಅದರಿಂದ ಹೆಣೆದ ಕಾಲುಚೀಲವನ್ನು ಅಮ್ಮನೇ ಮೊದಲು ಹಾಕಿಕೊಂಡರು. ಅಂದು ಪೆಟ್ಟು ಕೊಟ್ಟ ಕೈಯೇ ಇಂದು “ಇನ್ನೊಂದು ಜೊತೆ ಆದೀತಾ?” ಎಂದು ಕೇಳಿತು.

ಇಷ್ಟು ಹೇಳಿದೊಡನೆ ನನ್ನ ಗೆಳತಿಯೊಬ್ಬಳು, “ಹಾಗಾದರೆ ಸರಿ ಮಾರಾಯ್ತಿ, ‘ಪ್ರಕೃತಿಯ ಬಣ್ಣ’ ಅಂತ ಚೀಟಿ ಅಂಟಿಸು, ಪಟ್ಟಣದವರು ಮುಗಿಬಿದ್ದು ಕೊಳ್ಳುತ್ತಾರೆ” ಎಂದಳು. ನನ್ನ ಭಿನ್ನಾಭಿಪ್ರಾಯ ಇಲ್ಲಿಯೇ. ಕೈಕೆಲಸದ ಪರವಾಗಿ ಮಾತಾಡುವವರು ಸುಳ್ಳಿನ ಊರುಗೋಲನ್ನು ಹಿಡಿಯಬಾರದು. ಗಿಡದಿಂದ ಬಂದ ಬಣ್ಣವೆಲ್ಲ ಪುಣ್ಯದ ಬಣ್ಣವಲ್ಲ. ನೀಲಿಗಿಂತ ಸಸ್ಯಜನ್ಯವಾದ ಬಣ್ಣ ಯಾವುದು? ಆದರೂ ಬಂಗಾಳದ ರೈತರು 1859ರಲ್ಲಿ ದಂಗೆಯೆದ್ದದ್ದು ನೀಲಿಯ ಬೇಸಾಯದ ಬಲಾತ್ಕಾರಕ್ಕಾಗಿ; ಮಹಾತ್ಮರು 1917ರಲ್ಲಿ ಚಂಪಾರಣಕ್ಕೆ ಹೋದದ್ದು ತಮ್ಮ ಹೊಲದ ಒಂದು ಪಾಲಿನಲ್ಲಿ ನೀಲಿಯನ್ನೇ ಬೆಳೆಯಬೇಕೆಂಬ ಕಟ್ಟಳೆಗೆ ಸಿಕ್ಕಿದ ರೈತರ ಕಣ್ಣೀರಿಗಾಗಿ. ಅತ್ತ 1856ರಲ್ಲಿ ಪರ್ಕಿನ್ ಎಂಬ ಹದಿನೆಂಟು ವರ್ಷದ ತರುಣ ಇಂಗ್ಲೆಂಡಿನಲ್ಲಿ ಮಲೇರಿಯಾದ ಮದ್ದು ಹುಡುಕುತ್ತಾ ಆಕಸ್ಮಿಕವಾಗಿ ನೇರಳೆಯ ಕೃತಕ ಬಣ್ಣವನ್ನು ಕಂಡುಹಿಡಿದ; 1897ರಲ್ಲಿ ಜರ್ಮನಿಯ ಕಾರ್ಖಾನೆಯ ನೀಲಿ ಪೇಟೆಗೆ ಬಂತು. ಬಡವರೂ ಬಣ್ಣದ ಬಟ್ಟೆ ಉಡುವಂತಾದುದು ಆ ಕಾರ್ಖಾನೆಗಳ ಉಪಕಾರ. ಅದನ್ನು ಮರೆತು ಹಳೆಯದೆಲ್ಲ ಹೊನ್ನು ಎನ್ನುವುದು ಕೃತಘ್ನತೆಯಾದೀತು.

ಇನ್ನೊಂದು ಸತ್ಯ. ಪಟ್ಟಣದ ಹವ್ಯಾಸಿಗಳು ಮೆಚ್ಚುವ ಕೈಬಣ್ಣದ ನೂಲಿನಲ್ಲಿ ಬಹಳಷ್ಟು ಗಿಡದ ಬಣ್ಣವಲ್ಲ. ಪುಡಿಯಾಗಿ ಸಿಗುವ ಆಮ್ಲಬಣ್ಣವನ್ನು ವಿನೆಗರಿನೊಡನೆ ಬಿಸಿನೀರಿನಲ್ಲಿ ಹಿಡಿಸುವ ವಿಧಾನ ಅದು. ಕಾಲುಚೀಲ ಬೇಗ ಸವೆಯಬಾರದೆಂದು ನೂಲಿನಲ್ಲಿ ಸಾಮಾನ್ಯವಾಗಿ ನಾಲ್ಕರಲ್ಲಿ ಒಂದು ಪಾಲು ನೈಲಾನ್ ಬೆರೆಸಿರುತ್ತಾರೆ. ಒಗೆದಾಗ ಕುಗ್ಗಬಾರದೆಂದು ಉಣ್ಣೆಯ ಹುರುಪೆಗಳನ್ನು ಕ್ಲೋರಿನ್‌ನಿಂದ ಸವರಿ ಮೇಲೆ ತೆಳುವಾದ ಅಂಟಿನ ಲೇಪ ಕೊಟ್ಟಿರುವುದೂ ಉಂಟು. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಮುಚ್ಚಿಟ್ಟರೆ ಮಾತ್ರ ನಾಚಿಕೆ. ಕೈಬಣ್ಣದ ಬೆಲೆ ಇರುವುದು ಅದನ್ನು ಹಾಕಿದ ಕಣ್ಣು ಮತ್ತು ಕೈಗಳಲ್ಲಿ. ಯಂತ್ರ ಸಾವಿರ ಲಡಿಗಳನ್ನು ಒಂದೇ ಬಣ್ಣಕ್ಕೆ ತರುತ್ತದೆ. ಕೈ ಎರಡು ಲಡಿಗಳನ್ನೂ ಒಂದೇ ಬಣ್ಣಕ್ಕೆ ತರಲಾರದು. ಒಂದು ಹಂಡೆಯ ಚೊಗರು ಇನ್ನೊಂದು ಹಂಡೆಯದಲ್ಲ. ಬಲ್ಲ ಹೆಣಿಗೆಯವರು ಎರಡು ಲಡಿಗಳನ್ನು ಎರಡೆರಡು ಸುತ್ತಿಗೊಮ್ಮೆ ಬದಲಿಸಿ ಹೆಣೆದು ಆ ಭೇದವನ್ನೇ ಸೊಗಸಾಗಿಸುತ್ತಾರೆ.

ನಮ್ಮ ಊರಿನವರು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: “ಇದನ್ನು ಹಾಕಿಕೊಂಡರೆ ಇಂಬಳ ಕಚ್ಚುವುದಿಲ್ಲವೋ?” ಕಚ್ಚುತ್ತದೆ! ಹೆಣೆದ ಕಾಲುಚೀಲ ಹಿಗ್ಗುತ್ತದೆ. ಆ ಸಂದಿಯಲ್ಲಿ ಇಂಬಳ ನುಸುಳುತ್ತದೆ. ಕಾಡು ಹತ್ತುವವರಿಗೆ ಮೊಣಕಾಲಿನವರೆಗೆ ಬರುವ ಒತ್ತಾಗಿ ನೇಯ್ದ ಬಟ್ಟೆಯ ಚೀಲವೇ ಬೇಕು. ಇಲ್ಲವಾದರೆ ನಮ್ಮ ಹಿರಿಯರ ಸುಣ್ಣ, ಹೊಗೆಸೊಪ್ಪು, ಉಪ್ಪುಗಳೇ ಗತಿ. ಕೈಹೆಣಿಗೆಯ ಉಣ್ಣೆಯ ಚೀಲ ಒದ್ದೆಯಾದರೂ ಕಾಲನ್ನು ಬೆಚ್ಚಗಿಡುತ್ತದೆ. ಅದು ಮಾಡುವ ಉಪಕಾರ ಅಷ್ಟೇ. ಮಳೆಯ ನಾಡಿನಲ್ಲಿ ಅದೇನು ಸಣ್ಣದಲ್ಲ.

ಈಗ ಬೆಲೆಯ ಮಾತಿಗೆ ಬರುತ್ತೇನೆ. ಕಾಲುಚೀಲವೆಂದರೆ ಕ್ಷುದ್ರ ವಸ್ತುವೆಂಬ ಭಾವನೆ ನಮ್ಮಲ್ಲಿದೆ, ಕಾಲಿನದು ತಾನೆ! ಆದರೆ ಲೆಕ್ಕ ಹಾಕಿ ನೋಡಿ. ಅತ್ತೆ ಐದು ಕಡ್ಡಿಗಳಲ್ಲಿ ಸುತ್ತಿಗೆ 64 ಕುಣಿಕೆಗಳನ್ನು ಹಾಕುತ್ತಾರೆ. ಒಂದು ಚೀಲಕ್ಕೆ ಸುಮಾರು 160 ಸುತ್ತು. ಅಂದರೆ 10,240 ಕುಣಿಕೆ, ಜೊತೆಗೆ 20,480. ನಿಮಿಷಕ್ಕೆ ಇಪ್ಪತ್ತರಂತೆ ಹೆಣೆದರೆ ಹದಿನೇಳು ಗಂಟೆ. ಗಂಟೆಗೆ ಐವತ್ತು ರೂಪಾಯಿಯೆಂದರೂ ಕೂಲಿಯೇ 850 ರೂಪಾಯಿ. ನೂಲಿನ ಬೆಲೆ ಬೇರೆ. ಐನೂರು ಕೇಳಿದ ಅತ್ತೆ ತಮ್ಮ ದುಡಿಮೆಯ ಬಹುಪಾಲನ್ನು ಆಗಲೇ ದಾನ ಮಾಡಿದ್ದರು. ಮುನ್ನೂರಕ್ಕೆ ಇಳಿಸಿದಾಗ ನೂಲಿನ ಕಾಸಾದರೂ ಹುಟ್ಟಿತೋ ಇಲ್ಲವೋ. ತೋಟದ ಕೂಲಿಗೆ ಇಂತಿಷ್ಟೆಂದು ಕೇಳುವ ನಾವು ಮನೆಯ ಹೆಂಗಸರ ಕೈಕೆಲಸವನ್ನು ಮಾತ್ರ ‘ಹೊತ್ತು ಕಳೆಯುವ ಕೆಲಸ’ವೆನ್ನುತ್ತೇವೆ. ಹೊತ್ತು ಹೆಂಗಸರದಾದರೆ ಅದಕ್ಕೆ ಬೆಲೆಯಿಲ್ಲವೆ? ಕೈ ಕೆಸರಾದರೆ ಬಾಯಿ ಮೊಸರೆಂಬ ಗಾದೆಯನ್ನು ನಾವು ಮಕ್ಕಳಿಗೆ ಕಲಿಸುತ್ತೇವೆ. ಕೈಗೆ ಬಣ್ಣ ಹತ್ತಿಸಿಕೊಂಡವರ ಮೊಸರಿನ ಪಾಲು ಎಲ್ಲಿ ಹೋಯಿತೆಂದು ಯಾರೂ ಕೇಳುವುದಿಲ್ಲ.

ಕೈಯ ಬೆಲೆಯ ಪ್ರಶ್ನೆ ನಮ್ಮ ನಾಡಿನಲ್ಲಿ ಬೀದಿಗೂ ಬಂದಿದೆ. 2017ರಲ್ಲಿ ಜಿಎಸ್‌ಟಿ ಜಾರಿಗೆ ಬಂದಾಗ ಕೈಯಿಂದ ಮಾಡಿದ ವಸ್ತುಗಳಿಗೆ ತೆರಿಗೆ ಇರಬಾರದೆಂದು ಇದೇ ಪ್ರಸನ್ನ ಅವರು ಸತ್ಯಾಗ್ರಹ ಹೂಡಿ ಬೆಂಗಳೂರಿನಲ್ಲಿ ಉಪವಾಸ ಕುಳಿತರು. ಅವರ ಎಲ್ಲ ಮಾತನ್ನೂ ಒಪ್ಪಬೇಕೆಂದಿಲ್ಲ. ಆದರೆ ಯಂತ್ರ ಮಾಡಿದ್ದನ್ನೂ ಕೈ ಮಾಡಿದ್ದನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯವೆಂಬ ಅವರ ವಾದದಲ್ಲಿ ನನಗೆ ಹುರುಳು ಕಾಣುತ್ತದೆ.

ನೂಲು ಎಲ್ಲಿಂದ ಬರಬೇಕು? ಇದು ಕಷ್ಟದ ಪ್ರಶ್ನೆ. ಮಲೆನಾಡಿನ ಮಳೆಗೆ ಕುರಿ ಒಗ್ಗದು. ನಮ್ಮ ಅಜ್ಜಂದಿರು ಮಳೆಯಲ್ಲಿ ಕೊಪ್ಪೆ ಹಾಕಿಕೊಳ್ಳುತ್ತಿದ್ದ ಕಂಬಳಿ ಬಯಲುಸೀಮೆಯ ಕುರುಬರ ಮಗ್ಗದಿಂದ ಬರುತ್ತಿತ್ತು. ಹುಣಿಸೆ ಬೀಜದ ಗಂಜಿ ಕುಡಿದ ಆ ಕರಿಯ ಕಂಬಳಿಯ ಮುಂದೆ ಇಂದಿನ ಪ್ಲಾಸ್ಟಿಕ್ ಹೊದಿಕೆ ಯಾವ ಲೆಕ್ಕ? ಆದರೆ ಆ ದಖ್ಖನಿ ಕುರಿಯ ಉಣ್ಣೆ ಒರಟು. ಮೆರಿನೋ ಎಳೆಗಿಂತ ಎರಡರಷ್ಟಾದರೂ ದಪ್ಪ. ಅಂಗಾಲಿಗೆ ಚುಚ್ಚುತ್ತದೆ. ದಕ್ಷಿಣ ಭಾರತದಲ್ಲಿ ಮೈಗೆ ಒಪ್ಪುವ ನಯವಾದ ಉಣ್ಣೆ ಕೊಡುವ ತಳಿಯೆಂದರೆ ನೀಲಗಿರಿ ಕುರಿ. ಊಟಿಯ ಬಳಿಯ ಸ್ಯಾಂಡಿನಲ್ಲಾ ಸಂಶೋಧನಾ ಕೇಂದ್ರ ಅದನ್ನು ಕಾಪಾಡಿಕೊಂಡು ಬಂದಿದೆ. ಆದರೆ ಅದರ ಸಂಖ್ಯೆ ಬಹಳ ಇಳಿದಿದೆ. ಆದ್ದರಿಂದ ಸದ್ಯಕ್ಕೆ ನಯವಾದ ನೂಲನ್ನು ಹೊರಗಿನಿಂದಲೇ ಕೊಳ್ಳಬೇಕು. ದಖ್ಖನಿ ನೂಲಿನಿಂದ ಬೂಟಿನೊಳಗಿನ ಮೆತ್ತೆ, ಮನೆಯೊಳಗೆ ಮೆಟ್ಟುವ ಜೋಡು, ಚೀಲಗಳನ್ನು ಮಾಡಬಹುದು. ಇದ್ದದ್ದನ್ನು ಇದ್ದಂತೆ ಹೇಳಿ ಮಾರಿದರೆ ಕೊಳ್ಳುವವರು ಇದ್ದೇ ಇರುತ್ತಾರೆ.

ಕಡೆಯದಾಗಿ ನೀರಿನ ವಿಷಯ. ಇದನ್ನು ಕುದುರೆಮುಖದವರು ಮರೆಯಲಾಗದು. 1976ರಲ್ಲಿ ಅದಿರಿನ ಕಂಪನಿ ಹುಟ್ಟಿತು; ಊರಿಗೆ ಉದ್ಯೋಗ, ಆಸ್ಪತ್ರೆ, ಶಾಲೆ ಎಲ್ಲವೂ ಬಂದವು. ಜೊತೆಗೆ ಭದ್ರೆಗೆ ಕೆಂಪು ಹೂಳೂ ಬಂತು. 1987ರಲ್ಲಿ ಸುತ್ತಲ ಕಾಡು ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಯಿತು. ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ 2005ರ ಕೊನೆಗೆ ಗಣಿ ನಿಂತಿತು. ಹೊಳೆ ಉಳಿಯಿತು, ದುಡಿಮೆ ಹೋಯಿತು. ಹೊಳೆಯೂ ಬೇಕು, ದುಡಿಮೆಯೂ ಬೇಕು ಎನ್ನುವವರಿಗೆ ಸಣ್ಣ ಕಸುಬುಗಳಲ್ಲದೆ ಬೇರೆ ದಾರಿ ಯಾವುದು? ಆದರೆ ಆ ಸಣ್ಣ ಕಸುಬೂ ಹೊಳೆಯನ್ನು ಕೆಡಿಸಕೂಡದು. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆಂದು ನಮ್ಮ ಮನೆಗಳಲ್ಲಿ ಮೈಲುತುತ್ತ ಇದ್ದೇ ಇರುತ್ತದೆ. ಅದನ್ನು ಬಣ್ಣಕ್ಕೆ ಹಾಕಿದರೆ ಹಸಿರುಛಾಯೆ ಬರುತ್ತದೆಂದು ತಿಳಿದಾಗ ನನಗೂ ಆಸೆಯಾಯಿತು. ಆದರೆ ಮಿಕ್ಕ ನೀರು ಹಳ್ಳಕ್ಕೆ ಹೋದರೆ ಮೀನಿಗೆ ವಿಷ. ಬೇಡವೆಂದು ಬಿಟ್ಟೆ. ಪಟಿಕ, ಸ್ವಲ್ಪ ಕಬ್ಬಿಣ, ಇಷ್ಟೇ ಸಾಕು. ಆ ನೀರೂ ಹಳ್ಳದಿಂದ ದೂರ ತೆಗೆದ ಗುಂಡಿಗೆ ಹೋಗಲಿ. ಬಣ್ಣಕ್ಕಾಗಿ ಕಾಡಿನ ಮರದ ತೊಗಟೆ ಕೀಳುವುದಂತೂ ಬೇಡವೇ ಬೇಡ. ತೋಟದಲ್ಲಿ ಮಿಕ್ಕು ಚೆಲ್ಲುವ ಚೊಗರೇ ನಮಗೆ ಧಾರಾಳ.

ನನ್ನ ಸೂಚನೆ ಚಿಕ್ಕದು. ನಮ್ಮ ಕಾಲೇಜಿನ ಸೋದರಿಯರಲ್ಲಿ ಅಡಿಕೆ ತೋಟದ ಊರುಗಳಿಂದ ಬರುವವರು ಅನೇಕರಿದ್ದೇವೆ. ಬರುವ ಕೊಯ್ಲಿನಲ್ಲಿ ಒಬ್ಬೊಬ್ಬರು ಒಂದು ಸೀಸೆ ಚೊಗರನ್ನು ತರೋಣ. ನೂಲಿನ ತೂಕವೆಷ್ಟು, ಚೊಗರೆಷ್ಟು, ಪಟಿಕವೆಷ್ಟು, ಹೊತ್ತೆಷ್ಟು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡೋಣ. ಒಂದು ತುಂಡನ್ನು ಬಿಸಿಲಿನಲ್ಲಿ, ಒಂದನ್ನು ಕತ್ತಲಲ್ಲಿ ಇಟ್ಟು ಹೋಲಿಸೋಣ. ನನ್ನ ಲಡಿ ಮೂರು ತಿಂಗಳಲ್ಲಿ ಇನ್ನಷ್ಟು ಕಪ್ಪೇರಿತು, ಬೇರೆಯವರದು ಏನಾಗುವುದೋ ನೋಡೋಣ. ಮಾರುವಾಗ ಚೀಟಿಯ ಮೇಲೆ ನೂಲು ಯಾವುದು, ಬಣ್ಣ ಯಾವುದು, ಹೆಣೆಯಲು ಎಷ್ಟು ಗಂಟೆ ಹಿಡಿಯಿತು ಎಂದು ಬರೆಯೋಣ. ಗಂಟೆಗಳನ್ನು ಓದಿದ ಮೇಲೂ ಚೌಕಾಸಿ ಮಾಡುವವರು ಮಾಡಲಿ. ತಿಳಿಯದೆ ಮಾಡಿದೆವೆಂದು ಮಾತ್ರ ಅವರು ಹೇಳಲಾಗದು.

ಕಾಲುಚೀಲದಿಂದ ಒಂದು ಜಿಲ್ಲೆಯ ನಿರುದ್ಯೋಗ ನೀಗುವುದೆಂಬ ಭ್ರಮೆ ನನಗಿಲ್ಲ. ಓದು ಬಿಟ್ಟು ಎಲ್ಲರೂ ಕಡ್ಡಿ ಹಿಡಿಯಿರೆಂದೂ ನಾನು ಹೇಳುವುದಿಲ್ಲ. ಈ ಮಳೆಗಾಲದಲ್ಲಿ ಅತ್ತೆ ಮತ್ತೆ ಜಗಲಿಯಲ್ಲಿ ಕುಳಿತು ಚೊಗರಿನ ನೂಲಿನಲ್ಲಿ ಹೆಣೆಯುತ್ತಿದ್ದರು. ದಾರಿಹೋಕರೊಬ್ಬರು ಬೆಲೆ ಕೇಳಿದರು. ಅತ್ತೆ ಒಮ್ಮೆ ನನ್ನ ಮುಖ ನೋಡಿದರು. ಆಮೇಲೆ ತಲೆಯೆತ್ತಿ, “ಸಾವಿರದ ಇನ್ನೂರು” ಎಂದರು. ಬಂದವರು ಕೊಳ್ಳದೆ ಹೋದರು. ಅತ್ತೆ ನಕ್ಕು, “ಹೋಗಲಿ ಬಿಡು, ಅವರ ಕಾಲು ಚಳಿಗೆ ನಡುಗಿದಾಗ ಬಂದಾರು” ಎಂದು ಮುಂದಿನ ಸುತ್ತು ಹಾಕತೊಡಗಿದರು. ತಮ್ಮ ಕೈಯ ಬೆಲೆಯನ್ನು ಅವರು ಗಟ್ಟಿಯಾಗಿ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.